ಟವೆಲ್ಲಿನ ಮರೆಯ ಅಕ್ಷರ

ಮನೆಯ ಕಟ್ಟೆಯ ಮೇಲೆ ಕುಳಿತು, ಜುಗೂಳದಿಂದ ಬಂದ ಗಿರಾಕಿಯ ಬೆರಳು ಹಿಡಿದು, ಟವೆಲ್ಲಿನ ಮರೆಯಲ್ಲಿ ನಮ್ಮ ಕರುವಿನ ದರ ಕುದುರಿಸುತ್ತಿದ್ದೆ. ಅಷ್ಟರಲ್ಲಿ ಟವೆಲ್ಲಿನ ಇನ್ನೊಂದು ತುದಿಯಿಂದ ಪುಟ್ಟ ಕೈಯೊಂದು ನುಸುಳಿ ನನ್ನ ಎಡ ಅಂಗೈ ಮೇಲೆ ಗೀಚತೊಡಗಿತು. ಅದು ಅಂಗನವಾಡಿಗೆ ಹೋಗುವ ಮೊಮ್ಮಗಳು ಪದ್ಮಾಳ ಕೈ. ದಿನವೂ ಆ ಕರುವಿಗೆ ಮೇವು ತಿನ್ನಿಸುವವಳು ಅವಳೇ.

ನಾವು ದನದ ದಲ್ಲಾಳಿಗಳು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಅದುಮಿ ತಿಳಿಸುತ್ತೇವೆ. ಪಾಟಿ-ಬಳಪ ಕಂಡರೆ ಅಳುತ್ತಿದ್ದ ಪದ್ಮಾಳಿಗೆ ಅದನ್ನೇ ಆಟ ಮಾಡಿಕೊಟ್ಟಿದ್ದೆ. ಅವಳ ಅಂಗೈ ಮೇಲೆ ನಾನೊಂದು ಅಕ್ಷರ ಬರೆಯಬೇಕು, ನೋಡದೆ ಅವಳು ಹೇಳಬೇಕು. ಹೇಳಿದರೆ ಶೇಂಗಾ ಉಂಡಿ ಅವಳದು. ಬಿಡಿ ಅಕ್ಷರಗಳಷ್ಟೇ ಆಗಿದ್ದವು, ಪದದ ತನಕ ನಾವಿನ್ನೂ ಬಂದಿರಲಿಲ್ಲ.

ಈಗ ಅವಳೇ ಬರೆಯುತ್ತಿದ್ದಳು. ಮೊದಲು ಕ, ಆಮೇಲೆ ರ. ಸ್ವಲ್ಪ ತಡೆದು ನ, ನ, ದ. ‘ಕರ ನನದ.’ ಕರು ನನ್ನದು.

ನನ್ನ ಹಿಡಿತ ಸಡಿಲಾಯಿತು. ಗಿರಾಕಿ ಟವೆಲ್ ಎತ್ತಿ ನೋಡಿ, “ಏನ್ರಿ ಕಾಕಾ, ನಡುವ ಇನ್ನೊಬ್ಬ ದಲ್ಲಾಳಿನ್ನ ಕೂಡ್ರಿಸೀರಿ?” ಎಂದ.

“ದಲ್ಲಾಳಿ ಅಲ್ಲೋ ತಮ್ಮಾ, ಮಾಲಕೀಣಿ. ಕೊಡಂಗಿಲ್ಲ ಅನ್ನಾಕತ್ತಾಳ,” ಎಂದು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡೆ.

ಕರು ಇನ್ನೂ ನಮ್ಮ ಗೂಟದಲ್ಲೇ ಇದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದವರಿಗೆ ನನ್ನ ಸಲಹೆ ಇಷ್ಟೇ: ನಿಮ್ಮ ಕಸುಬಿನಲ್ಲೇ ಒಂದು ಆಟ ಹುಡುಕಿ ಅಕ್ಷರ ಕಲಿಸಿರಿ. ಆದರೆ ಕಲಿಸುವ ಮುನ್ನ, ಮಾರಬೇಕಾದದ್ದನ್ನೆಲ್ಲ ಮಾರಿ ಮುಗಿಸಿರಿ.