ಅಳಿಸಬೇಕೆಂದಿದ್ದ ಚುಕ್ಕೆ

ಸಂಜೆ ಪಣಜಿಯಲ್ಲಿ ನನ್ನ ಪಿಟೀಲು ಕಛೇರಿ ಇತ್ತು. ಟ್ಯಾಕ್ಸಿಯಲ್ಲಿ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ತೆಗೆದ ಫೋಟೋವನ್ನು ಫೋನಿನಲ್ಲಿ ನೋಡುತ್ತ ಕೂತಿದ್ದೆ. ಇಬ್ಬರು ಕೂರುವ ಪುಟ್ಟ ವಿಮಾನ ಹಾರಿಸುವುದು ನನ್ನ ಹುಚ್ಚು. ಅವತ್ತು ಮಾತ್ರ ಅದನ್ನು ಪಕ್ಕದಲ್ಲಿದ್ದ ಗೆಳತಿಯ ಕೈಗೆ ಬಿಟ್ಟು, ಕೆಳಗಿನ ನೆಲದತ್ತ ಕ್ಯಾಮೆರಾ ಹಿಡಿದಿದ್ದೆ. ಗೋವಾದ ಗಣಿ ಊರು ಕುಡಚಡೆಯ ಕೆಂಪು ನೆಲ, ಎಳೆಬಿಸಿಲಲ್ಲಿ ತೇಲುವಂತಿದ್ದ ತಗಡಿನ ಮನೆಗಳು. ಎಲ್ಲ ಕನಸಿನ ಹಾಗಿತ್ತು, ಒಂದು ಮನೆಯ ಅಂಗಳದ ಕಪ್ಪು ಚುಕ್ಕೆ ಬಿಟ್ಟು. ಆ ಮನೆಯನ್ನು ಹಿಗ್ಗಿಸಿ, ಚುಕ್ಕೆ ಅಳಿಸಲು ಬೆರಳಿಟ್ಟೆ.

ಸಿಗ್ನಲ್ಲಿನಲ್ಲಿ ಡ್ರೈವರ್ ಇಮಾಮಸಾಬ್ ತಿರುಗಿ ನೋಡಿದರು. ವಿಜಯಪುರದ ಕಡೆಯವರು.

"ತಡೀರಿ ಅಕ್ಕಾರ! ಆ ತಗಡಿನ ಮ್ಯಾಲಿನ ಮೂರು ಟೈರು ನನ್ನ ಹಳೇ ಲಾರೀವು. ಅದು ನಮ್ಮ ಮನಿರಿ."

ಚುಕ್ಕೆಯನ್ನು ಇನ್ನೂ ದೊಡ್ಡದು ಮಾಡಿದೆ. ಅಂಗಳದಲ್ಲಿ ಒಬ್ಬ ಹೆಂಗಸು. ಅವಳ ಉದ್ದನೆಯ ನೆರಳು ಕೈ ಎತ್ತಿತ್ತು.

"ನಮ್ಮ ಮನಿಯಾಕಿ," ಅಂದರು ಮೆಲ್ಲಗೆ. "ವಿಮಾನ ಕಂಡ್ರ ಸಾಕು, ಕೈ ಮಾಡ್ತಾಳ. ಅಷ್ಟು ಮ್ಯಾಲಿಂದ ನಿನ್ನ ಯಾರ್ ನೋಡ್ತಾರ ಅಂತ ಇಪ್ಪತ್ತು ವರ್ಷದಿಂದ ಬೈಯಾಕತ್ತೇನ್ರಿ."

ಹಸಿರು ದೀಪ ಬಂದಿತ್ತು. ಹಿಂದಿನವರ ಹಾರ್ನು ನಮ್ಮಿಬ್ಬರಿಗೂ ಕೇಳಲಿಲ್ಲ.

ವೇದಿಕೆಯಿಂದ ಕೇಳುಗರ ಕಡೆ ನನಗೆ ಕಾಣುವುದು ಯಾವಾಗಲೂ ಬರೀ ಕತ್ತಲೆ. ಅವತ್ತು ಕಛೇರಿಯ ಕೊನೆಗೆ ಕೈಮುಗಿಯುವ ಬದಲು ಆ ಕತ್ತಲೆಗೆ ಕೈ ಬೀಸಿದೆ. ನೀರು ಬೇಕೇನೋ ಅಂದುಕೊಂಡು ಸಂಘಟಕರು ಬಾಟಲಿ ಕಳಿಸಿದರು.