ಬೆಲ್ಲದ ಲಾರಿಯ ಟಾರ್ಪಾಲು

ಸ್ಲ್ಯಾಬು ಹಾಕಿ ಮುಗಿಸಿ ಕೆಲಸದವರು ಕೈ ತೊಳೆಯುತ್ತಿದ್ದಂತೆಯೇ ಮಳೆ ಸುರಿಯಿತು. ತೊಂಬತ್ತರ ದಶಕದ ಮಾತು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಮನೆ ಏಳುತ್ತಿತ್ತು. ಹಸಿ ಕಾಂಕ್ರೀಟಿನ ಮೇಲೆ ಹನಿಗಳು ಗುಳಿ ಬೀಳಿಸುತ್ತಿದ್ದವು. ಒಂದು ಮೂಲೆಯಲ್ಲಿ ಸಿಮೆಂಟು ಕೊಚ್ಚಿಹೋಗಿ ಜಲ್ಲಿ ಕಾಣತೊಡಗಿತು. ನಾನೂ ನನ್ನ ಗಂಡನೂ ಹಾಸಿಗೆಯ ಚಾದರ ಹಿಡಿದು ಓಡಿದೆವು. ಅದು ಎಷ್ಟು ಮುಚ್ಚೀತು!

ಎದುರುಮನೆಯ ಅಪ್ಪಾರಾವು ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿ. ರಸ್ತೆಗೆ ಮರಳು ಸುರಿಸಿದ್ದಕ್ಕೆ ಬೆಳಿಗ್ಗೆಯಷ್ಟೇ ನಮ್ಮ ಮೇಲೆ ಕೂಗಾಡಿದ್ದರು. ಈಗ ನೋಡಿದರೆ, ಬೆಲ್ಲ ತುಂಬಿ ನಿಂತಿದ್ದ ತಮ್ಮ ಲಾರಿಯ ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದಾರೆ! "ಬೇಡಿ, ಬೆಲ್ಲ ಕರಗಿಹೋಗುತ್ತೆ" ಎಂದು ನನ್ನ ಅರೆಬರೆ ತೆಲುಗಿನಲ್ಲಿ ಗೋಗರೆದೆ.

"ಪರವಾಲೇದಮ್ಮಾ, ಬೆಲ್ಲ ಕರಗಿದರೆ ಮತ್ತೆ ಕಾಯಿಸ್ತೀನಿ. ನಿಮ್ಮ ಸ್ಲ್ಯಾಬು ಕಾಯಿಸೋಕಾಗುತ್ತಾ?" ಎನ್ನುತ್ತ ಅವರು ಟಾರ್ಪಾಲು ಹೊತ್ತು ಏಣಿ ಹತ್ತಿಯೇಬಿಟ್ಟರು.

ಮರುದಿನ ಮೇಸ್ತ್ರಿ ಕೆಟ್ಟ ಮೂಲೆಯಲ್ಲಿ ಸಡಿಲಾಗಿದ್ದುದನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಸಿಮೆಂಟಿನ ಹಾಲು ಬಳಿದು, ಮೇಲೆ ಗಾರೆ ಎಳೆದ. ಉಳಿದ ಸ್ಲ್ಯಾಬಿಗೆ ಏನೂ ಆಗಿರಲಿಲ್ಲ. ಲಾರಿಯಲ್ಲಿ ಮಾತ್ರ ಬೆಲ್ಲದ ಮೇಲಿನ ಸಾಲು ಪೂರ್ತಿ ಕರಗಿತ್ತು. ಅದನ್ನು ಅವರು ಮತ್ತೆ ಕಾಯಿಸಿ ಅಚ್ಚು ಹಾಕಿದ ಬೆಲ್ಲವನ್ನೇ ಕೇಳಿ ತಂದು ಗೃಹಪ್ರವೇಶಕ್ಕೆ ಪಾಯಸ ಮಾಡಿದೆ. ಮೊದಲ ಲೋಟ ಯಾರಿಗೆ ಹೋಯಿತೆಂದು ಹೇಳಬೇಕಿಲ್ಲ.

ತಾರಸಿಯ ಆ ತೇಪೆ ಇಂದಿಗೂ ಸೋರಿಲ್ಲ. ಆದರೂ ಮೋಡ ಕವಿದಾಗಲೆಲ್ಲ ಬಾಗಿಲಿಗೆ ಓಡುತ್ತೇನೆ, ಎದುರುಮನೆಯ ಲಾರಿಗೆ ಟಾರ್ಪಾಲು ಹೊದಿಸಿದ್ದಾರೋ ಇಲ್ಲವೋ ನೋಡಲು.