ಬೆಳ್ಳಿ ಗದೆಯ ಜೊತೆ ಬಂದ ಫೋಟೋ

ಗಜೇಂದ್ರಗಡದ ಆ ಸಭಾಂಗಣದಲ್ಲಿ ನಡೆದದ್ದರಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಎಷ್ಟು ಎಂದು ಯಾರಾದರೂ ಕೇಳಿದರೆ, ಅರ್ಧ ಎನ್ನುತ್ತೇನೆ. ಉಳಿದರ್ಧ ಸ್ನೇಹಿತರಿಗೆ ಹೇಳಿ ಹೇಳಿ ನಯವಾಗಿದೆ; ಮೊದಲಿದ್ದ ಮೂಲೆಗಳು ಈಗ ಇಲ್ಲ. ಒಂದು ಚಿತ್ರ ಮಾತ್ರ ಎಂದೂ ಮಸುಕಾಗಿರಲಿಲ್ಲ. ಸವಡಿಯ ಒಂದು ಮನೆಯ ಪಡಸಾಲೆ, ಹೊರಸಿನ ಮೇಲೆ ಎರಡು ಹಳೆಯ ಫೋಟೋ, ಅದರಲ್ಲಿ ಒಂದನ್ನು ಆರಿಸಿ ಎತ್ತಿಕೊಳ್ಳುತ್ತಿರುವ ನನ್ನ ಕೈ. ಆ ಕೈಯ ನೆನಪೇ ನನ್ನನ್ನು ಎರಡು ವರ್ಷ ಕಾಡಿತು.

ಕೋವಿಡ್ ಕಳೆದ ಎರಡನೆಯ ವರ್ಷ. ನಾನು ಆಗ ಹುಬ್ಬಳ್ಳಿಯ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ ಕ್ಯಾಟಲಾಗರ್ ಆಗಿದ್ದೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಎರಡು ಕಾಲೇಜು, ಒಂದು ಪತ್ರಿಕೆ ಬಿಟ್ಟು ಬಂದಿದ್ದೆ. ಎಲ್ಲಿಯೂ ನಿಲ್ಲದ ಕಾಲು ನನ್ನದು. ಆದರೆ ಈ ಕೆಲಸ ನನಗೆ ಹೊಂದಿತು. ಹಳೆಯ ಹಾಕಿ ಕೋಲು, ಕಬಡ್ಡಿ ಶೀಲ್ಡು, ಪೈಲ್ವಾನರ ಬೆಳ್ಳಿ ಕಡಗ, ಗರಡಿಯ ಮುದ್ಗರ ಇಂಥವನ್ನು ಹುಡುಕಿ ತಂದು, ಅಳೆದು, ತೂಗಿ, ಪ್ರತಿಯೊಂದಕ್ಕೂ ಲಾಟ್ ಸಂಖ್ಯೆ ಕೊಟ್ಟು, ಅದರ ಪ್ರೊವೆನೆನ್ಸ್ ಬರೆಯುವುದು. ಪ್ರೊವೆನೆನ್ಸ್ ಎಂದರೆ ವಸ್ತು ಯಾರಿಂದ ಯಾರಿಗೆ, ಹೇಗೆ ಬಂತು ಎಂಬ ಪೂರ್ವಾಪರ. ಕೊಳ್ಳುವವರು ಬೆಳ್ಳಿಗೆ ಕೊಡುವುದಕ್ಕಿಂತ ಹೆಚ್ಚು ಹಣವನ್ನು ಈ ಪೂರ್ವಾಪರಕ್ಕೆ ಕೊಡುತ್ತಾರೆ. ಹೇಳಿದ್ದನ್ನೆಲ್ಲ ನಂಬದಿರುವುದಕ್ಕೇ ನನಗೆ ಸಂಬಳ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಕಡೆಯ ತಾಲೀಮುಗಳಿಂದ, ಅಂದರೆ ಗರಡಿಮನೆಗಳಿಂದ, ಸಾಮಾನು ಕೂಡಿಸಿ, ಗಜೇಂದ್ರಗಡದಲ್ಲೇ ಒಂದು ಹರಾಜು ಮಾಡುವುದೆಂದು ನಮ್ಮ ಮಾಲೀಕರು ತೀರ್ಮಾನಿಸಿದರು. ಒಟ್ಟು ನಲವತ್ತೊಂದು ಲಾಟು. ಅವುಗಳಲ್ಲಿ ಹದಿನೇಳನೆಯದು ಸವಡಿಯ ಹನಮಪ್ಪ ವಸ್ತಾದರ ಬೆಳ್ಳಿ ಗದೆ.

ವಸ್ತಾದ ಎಂದರೆ ತಾಲೀಮಿನಲ್ಲಿ ಕುಸ್ತಿ ಕಲಿಸುವ ಗುರು. ಹನಮಪ್ಪನವರಿಗೆ ಎಪ್ಪತ್ತೈದು ದಾಟಿತ್ತು. ಕಿವಿಗಳು ಮುದುಡಿ ಗಟ್ಟಿಯಾಗಿದ್ದವು, ಕುತ್ತಿಗೆ ಮಾತ್ರ ಇನ್ನೂ ಎತ್ತಿನದೇ. ಐವತ್ತು ವರ್ಷದ ಹಿಂದೆ ನರಗುಂದದ ಮೈದಾನ ಕುಸ್ತಿಯಲ್ಲಿ, ಯಾವಗಲ್ಲಿನ ಯಲ್ಲಪ್ಪ ಎಂಬ ಪೈಲ್ವಾನನನ್ನು ಚಿತ್ ಮಾಡಿ ಈ ಗದೆ ಗೆದ್ದಿದ್ದರು. ಚಿತ್ ಎಂದರೆ ಎದುರಾಳಿಯ ಎರಡೂ ಭುಜ ಒಮ್ಮೆಗೇ ನೆಲಕ್ಕೆ ಹತ್ತುವಂತೆ ಕೆಡಹುವುದು. ಮರದ ತಿರುಳಿನ ಮೇಲೆ ಬೆಳ್ಳಿ ತಗಡು ಹೊದಿಸಿದ ಗದೆ; ಹಿಡಿಯ ಬಳಿ ತಗಡು ಸ್ವಲ್ಪ ಎದ್ದಿತ್ತು. ನಾನು ತೂಗಿದಾಗ ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ ಇತ್ತು.

"ಯಾಕ್ರಿ ಮಾರ್ತೀರಿ ಇದನ್ನ?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಕದ್ದ ಮಾಲು ಹಾಗೆಯೇ ಸಿಕ್ಕಿಬೀಳುತ್ತದೆ.

"ತಾಲೀಮಿಗೆ ಮ್ಯಾಟ್ ಬೇಕಾಗೇತ್ರಿ. ಈಗ ಮಣ್ಣಾಗ ಆಡಿದ್ರ ಯಾರೂ ಕೇಳೂದಿಲ್ಲ, ಎಲ್ಲಾ ಮ್ಯಾಟ್ ಮ್ಯಾಲ."

ಒಳಗಿನಿಂದ ಚಹಾ ತಂದ ಮಗಳು ಶಾಂತವ್ವ, "ಮ್ಯಾಟ್ ಊರಾವ್ರು ಕೊಡಸ್ತೇವಿ ಅಂದ್ರೂ ಕೇಳವಲ್ರು. ಗದಾನ ಮಾರಬೇಕಂತ. ಹಟಾ ಹಿಡದಾರ," ಎಂದಳು.

"ಮನ್ಯಾಗ ಇಟ್ಕೊಂಡ್ರ ದಿನಾ ನೋಡಬೇಕಾಗ್ತೈತಲ್ಲವಾ," ಎಂದರು ವಸ್ತಾದ. ಈ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ. ಅದರ ಮುಂದೆ 'ತಮಾಷೆಯ ಮನುಷ್ಯ' ಎಂದು ಬರೆದುಕೊಂಡಿದ್ದೇನೆ.

ಪೂರ್ವಾಪರಕ್ಕೆ ಆಧಾರ ಬೇಕಿತ್ತು. ಅಂದಿನ ಪತ್ರಿಕೆ ಸಿಗಲಿಲ್ಲ, ಪಂಚರು, ಅಂದರೆ ಕುಸ್ತಿಯ ತೀರ್ಪುಗಾರರು, ಯಾರೂ ಉಳಿದಿರಲಿಲ್ಲ. ಇದ್ದದ್ದು ಫೋಟೋ. ಅಂಗೈಯಗಲದ ಕಪ್ಪು ಬಿಳುಪು ಚಿತ್ರ. ಜನ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಹೊರಟಿದ್ದಾರೆ. ಫೋಟೋದವನು ತಡವಾಗಿ ಓಡಿಬಂದು ಹಿಂದಿನಿಂದ ತೆಗೆದಿದ್ದಾನೆ. ಜನಸಾಗರದ ಮೇಲೆ ತೇಲುವ ಒಂದು ಅಗಲವಾದ ಬೆನ್ನು, ಮೇಲೆತ್ತಿದ ಕೈ, ಕೈಯಲ್ಲಿ ಗದೆ. ಮುಖ ಅರ್ಧ ಹೊರಳಿದ್ದರಿಂದ ಹನಮಪ್ಪನವರೇ ಎಂದು ಗುರುತು ಹತ್ತುತ್ತಿತ್ತು. ನನಗೆ ರೋಮಾಂಚನವಾಯಿತು. ಅದನ್ನು ದೊಡ್ಡದು ಮಾಡಿಸಿ ಕ್ಯಾಟಲಾಗಿನ ಇಡೀ ಪುಟಕ್ಕೆ ಹಾಕಿದೆ. ಸಭಾಂಗಣದ ಬಾಗಿಲಿಗೊಂದು, ವೇದಿಕೆಯ ಹಿಂದಿನ ಗೋಡೆಗೊಂದು ಎಂಟು ಅಡಿಯ ಫ್ಲೆಕ್ಸ್ ಮಾಡಿಸಿದೆ. ಅಡಿಬರಹ ನನ್ನದೇ: 'ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನ.' ನಮ್ಮ ಕಡೆ ಸೋಲರಿಯದವನಿಗೆ ಹೀಗೆ ಹೇಳುವುದು ರೂಢಿ.

ಹರಾಜಿನ ದಿನ ಬೆಳಿಗ್ಗೆ ಹತ್ತಕ್ಕೆ ಜನ ಸೇರತೊಡಗಿದರು. ಬೆಳಗಾವಿ ಕಡೆಯ ಇಬ್ಬರು ಸಂಗ್ರಾಹಕರು, ಒಂದಿಷ್ಟು ವ್ಯಾಪಾರಿಗಳು, ಉಳಿದವರೆಲ್ಲ ಮೂರು ತಾಲೂಕಿನ ಹಳೆಯ ಪೈಲ್ವಾನರು. ಕೊಳ್ಳಲು ಬಂದವರಲ್ಲ, ನೋಡಲು ಬಂದವರು. ಒಂದು ವಿಚಿತ್ರ ಗಮನಿಸಿದೆ. ಸಂಗ್ರಾಹಕರು ಬಾಗಿಲ ಫ್ಲೆಕ್ಸ್ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ನಗುತ್ತ ಒಳಗೆ ಬರುತ್ತಿದ್ದರು. ಪೈಲ್ವಾನರು ಅದರ ಮುಂದೆ ನಿಂತು ಸುಮ್ಮನಾಗುತ್ತಿದ್ದರು. ಅಬ್ಬಿಗೇರಿಯ ಒಬ್ಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ನನ್ನ ಮುಖ ನೋಡಿ, ಮತ್ತೆ ಫ್ಲೆಕ್ಸ್ ನೋಡಿದರು. ಚಿತ್ರಕ್ಕೆ ಸಲ್ಲಿಸುವ ಗೌರವ ಎಂದುಕೊಂಡೆ.

ಲಾಟ್ ಹದಿನೇಳು ಬಂತು. ನಾನು ವೇದಿಕೆಯ ಮೇಲೆ ಗದೆ ಎತ್ತಿ ಹಿಡಿದು ಪೂರ್ವಾಪರ ಓದುತ್ತಿದ್ದೆ. ಹನಮಪ್ಪನವರು ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದರು. ಹಿಂದಿನ ಸಾಲಿನಿಂದ ಒಬ್ಬ ತೆಳ್ಳನೆಯ ಮುದುಕ ಎದ್ದು ನಿಂತ.

"ಲಿಲಾವು ನಿಲ್ಲಸ್ರಿ ಸಾಹೇಬ್ರ."

"ಯಾರ್ರಿ ನೀವು?"

"ನೀವು ಈಗ ಓದಿದ್ರಲ್ಲ, ಚಿತ್ ಆದಾವ ಯಾವಗಲ್ ಯಲ್ಲಪ್ಪ ಅಂತ. ಆ ಯಲ್ಲಪ್ಪ ನಾನ. ಆ ಫೋಟೋದ ಬೆನ್ನ ನೋಡ್ರಿ."

ನಾನು ವೇದಿಕೆಯ ಹಿಂದಿನ ಫ್ಲೆಕ್ಸಿನತ್ತ ತಿರುಗಿ ನೋಡಿದೆ. ಆಮೇಲೆ ಏನು ನೋಡಬೇಕೆಂದು ತಿಳಿಯದೆ ಮತ್ತೆ ನೋಡಿದೆ. ರೋಣದ ತಾಲೀಮಿನವರೊಬ್ಬರು ಸಮಾಧಾನದ ದನಿಯಲ್ಲಿ, "ಯಲ್ಲಪ್ಪ, ಕುಸ್ತಿ ಆಡಿದ ಮ್ಯಾಲ ಬೆನ್ನಿಗೆ ಮಣ್ಣು ಹತ್ತೂದ ಹತ್ತತೈತಿ. ಒಬ್ಬರ ಮ್ಯಾಲ ಒಬ್ಬರು ತೂರಿರ್ತೇವಿ," ಎಂದರು.

"ತೂರಿದ ಮಣ್ಣು ಉದುರ್ತೈತಣ್ಣ. ಹಿಂಗ ಎರಡೂ ಹೆಗಲ ಕೆಳಗ ರೊಟ್ಟಿ ಬಡದಾಂಗ ಹತ್ತೂದಿಲ್ಲ. ನಿನಗ ಗೊತ್ತಿಲ್ಲೇನು? ನೀ ಎಷ್ಟು ಸಲ ಬಿದ್ದೀದಿ!"

ಎರಡು ಮೂರು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಈಗ ನನಗೂ ಕಂಡಿತು. ಎಂಟು ಅಡಿಯ ಬೆನ್ನಿನ ಮೇಲೆ, ಬೆನ್ನುಹುರಿಯ ಗೆರೆಯ ಎರಡೂ ಪಕ್ಕ, ಒಂದೊಂದು ದುಂಡನೆಯ ಮಣ್ಣಿನ ಅಚ್ಚು. ಬೆವೆತ ಮೈ ನೆಲಕ್ಕೆ ಒತ್ತಿಕೊಂಡಾಗ ಮಾತ್ರ ಬೀಳುವಂಥದ್ದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ವಾಕ್ಯ. ಗದೆಯನ್ನು ಮೇಜಿನ ಮೇಲಿಟ್ಟೆ. ನಾನು ತಿಂಗಳುಗಟ್ಟಲೆ ನೋಡಿದ ಚಿತ್ರ ಅದು. ಹಿಗ್ಗಿಸಿದ್ದು ನಾನು, ಪ್ರೂಫ್ ತಿದ್ದಿದ್ದು ನಾನು.

ಹನಮಪ್ಪನವರು ಎದ್ದರು. ಶಾಂತವ್ವ ಅವರ ತೋಳು ಹಿಡಿದಳು. ಬಿಡಿಸಿಕೊಂಡು ವೇದಿಕೆಯತ್ತ ಬರದೆ, ಹಿಂದಿನ ಸಾಲಿನತ್ತ ನಡೆದರು. ಜಗಳವಾಗುತ್ತದೆಂದು ಮಾಲೀಕರು ಕೆಳಗಿಳಿದು ಓಡಿದರು. ಇಬ್ಬರು ಮುದುಕರು ಮುಖಾಮುಖಿ ನಿಂತರು.

"ಹೌದಲೇ ಯಲ್ಲ್ಯಾ. ಖರೇ ಐತಿ," ಎಂದರು ಹನಮಪ್ಪ. "ಮಂದಿ ನುಗ್ಗಿತು, ಪಂಚರಿಗೆ ಕಾಣಲಿಲ್ಲ. ನನ್ನ ಕೈ ಎತ್ತಿದ್ರು. ನಾ ಇಳಸಲಿಲ್ಲ."

ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು ಎಂದು ನಾನು ಯಾವಾಗಲೂ ಹೇಳುತ್ತೇನೆ. ಆದರೆ ಅಲ್ಲಿ ಫ್ಯಾನುಗಳು ಇದ್ದವೇ? ಗೊತ್ತಿಲ್ಲ.

ಯಲ್ಲಪ್ಪ ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಜೇಬಿನಿಂದ ಗುಂಡಿಯ ಮೊಬೈಲ್ ತೆಗೆದು ಪಕ್ಕದವನಿಗೆ ಕೊಟ್ಟು, "ನನ್ನ ಮಗಗ ಹಚ್ಚು. ಸ್ಪೀಕರ್ ಹಾಕು," ಎಂದರು. ಹನಮಪ್ಪನವರತ್ತ ತಿರುಗಿ, "ಐವತ್ತು ವರ್ಷ ನಾ ಗೆದ್ದೇನಿ ಅಂತ ಹೇಳ್ಕೋತ ಬಂದೇನಿ. ಮನ್ಯಾಗ ಒಬ್ಬರೂ ನಂಬಿಲ್ಲ. 'ಅಪ್ಪನ ಗದಾ ಪುರಾಣ ಸುರು ಆತು' ಅಂತಾರ. ಈಗ ನೀ ಅಂದದ್ದ ಅವಂಗ ಇನ್ನೊಮ್ಮಿ ಅನ್ನು."

ಫೋನು ಹತ್ತಿತು. "ಏನಪಾ? ಬಸ್ ತಪ್ಪಿತೇನು?" ಎಂದಿತು ಒಂದು ದನಿ.

ಹನಮಪ್ಪ ಫೋನಿಗೆ ಬಾಗಿದರು. "ತಮ್ಮಾ, ನರಗುಂದದ ಕುಸ್ತಿ ನಿಮ್ಮಪ್ಪ ಗೆದ್ದಿದ್ದ. ಅಂವ ಹೇಳೂದು ಸುಳ್ಳಲ್ಲ."

"ಯಾರ್ರಿ ಮಾತಾಡೋದು?" ಎಂದಿತು ಆ ಕಡೆಯ ದನಿ.

"ಸೋತಾವ."

ಯಲ್ಲಪ್ಪ ಕುರ್ಚಿಯಲ್ಲಿ ಕುಸಿದು ಕೂತು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಯಾರೋ ನೀರು ತಂದರು. ನಾನು ಎಂ.ಎ. ಓದಿದವನು, ಸಾಕ್ಷ್ಯ ಎಂದರೇನು ಎಂದು ಕಾಲೇಜಿನಲ್ಲಿ ಪಾಠ ಮಾಡಿದವನು, ವೇದಿಕೆಯ ಮೇಲೆ ಕಂಬದಂತೆ ನಿಂತಿದ್ದೆ.

ಪೂರ್ವಾಪರದ ಬಗ್ಗೆ ತಕರಾರು ಬಂದರೆ ಲಾಟನ್ನು ಹಿಂತೆಗೆಯಬೇಕೆಂಬುದು ನಿಯಮ. ಮಾಲೀಕರು ಹಾಗೆಯೇ ಘೋಷಿಸಿದರು. ಗದೆಯನ್ನು ಯಲ್ಲಪ್ಪನವರಿಗೇ ಒಪ್ಪಿಸಿ ಎಂದರು ಹನಮಪ್ಪ.

"ನಾ ಒಯ್ದು ಏನ್ ಮಾಡ್ಲಿ? ಎಮ್ಮಿ ಹೊಡೀಲೇನು?" ಎಂದರು ಯಲ್ಲಪ್ಪ, ಮೂಗು ಒರೆಸಿಕೊಳ್ಳುತ್ತ. "ಲಿಲಾವು ಮಾಡ್ರಿ. ನಿನ್ನ ಹುಡುಗರಿಗೆ ಮ್ಯಾಟ್ ಬರ್ಲಿ. ಆದ್ರ ಸಾಹೇಬ್ರ, ಬುಕ್ಕಿನ್ಯಾಗ ಹೆಸರು ತಿದ್ರಿ."

ಒಂದು ಹಾಳೆಯ ಮೇಲೆ ಹೇಳಿಕೆ ಬರೆದೆ. ಇಬ್ಬರೂ ಸಹಿ ಮಾಡಿದರು. ಉಳಿದ ಲಾಟುಗಳೆಲ್ಲ ಮುಗಿದ ಮೇಲೆ ಹದಿನೇಳನ್ನು ಮತ್ತೆ ತಂದೆವು. 'ಗೆದ್ದವರು: ಯಾವಗಲ್ ಯಲ್ಲಪ್ಪ' ಎಂದು ನಾನು ಗಟ್ಟಿಯಾಗಿ ಓದಿದೆ. ಓದುವಾಗ ಅವರು ಎದ್ದು ನಿಂತಿದ್ದರು. ರಿಸರ್ವ್ ಬೆಲೆಗಿಂತ, ಅಂದರೆ ಅದಕ್ಕೂ ಕಡಿಮೆಗೆ ಮಾರಬಾರದೆಂದು ಮೊದಲೇ ಗೊತ್ತುಪಡಿಸಿದ ಬೆಲೆಗಿಂತ, ಸ್ವಲ್ಪವೇ ಹೆಚ್ಚಿಗೆ ಹೋಯಿತು.

ಸಾಮಾನು ಕಟ್ಟುವಾಗ ಶಾಂತವ್ವ ನನ್ನ ಬಳಿ ಬಂದಳು. "ನಮ್ಮಪ್ಪನ ಮಾನಾ ತಗದ್ರಲ್ರಿ. ಮುಖಾ ಕಾಣೂ ಫೋಟೋ ಒಂದಿತ್ತಲ್ಲ ನಮ್ಮನ್ಯಾಗ. ಅದನ್ನ ಹಾಕಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಹೊರಸಿನ ಮೇಲಿನ ಎರಡು ಫೋಟೋ ಅಂದೇ ನನ್ನ ಕಣ್ಣಮುಂದೆ ಬಂದವು. ಇಬ್ಬರಲ್ಲಿ ಒಬ್ಬನ ಗೌರವ ಮರಳಿದ್ದು ನಿಜ. ಆದರೆ ಇನ್ನೊಬ್ಬನದನ್ನು ಚೆಂದದ ಚಿತ್ರದ ಆಸೆಗೆ ಬಿದ್ದು, ತುಂಬಿದ ಸಭೆಯಲ್ಲಿ ನಾನು ಕಳೆದೆನಲ್ಲ?

ಎರಡು ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಸವಡಿಗೆ ಹೋದೆ. ತಾಲೀಮಿನಲ್ಲಿ ನೀಲಿ ಮ್ಯಾಟ್ ಹಾಸಿತ್ತು. ಯಲ್ಲಪ್ಪ ತಿಂಗಳಿಗೊಮ್ಮೆ ಯಾವಗಲ್ಲಿನಿಂದ ಬಂದು ಹುಡುಗರಿಗೆ ಪಟ್ಟು ಹೇಳಿಕೊಡುತ್ತಾರಂತೆ. ಇಬ್ಬರೂ ಇಡೀ ದಿನ ಜಗಳವಾಡುತ್ತಾರಂತೆ. ವಸ್ತಾದರ ಪಡಸಾಲೆಯ ಗೋಡೆಯ ಮೇಲೆ, ಮುಖ ಕಾಣುವ ಆ ಇನ್ನೊಂದು ಫೋಟೋ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ನೇರವಾಗಿ ಕೇಳಿದೆ: "ಅವತ್ತು ಎರಡೂ ಫೋಟೋ ನನ್ನ ಮುಂದ ಇಟ್ಟಿದ್ರಲ್ಲ, ಆರಿಸಿದಾವ ನಾನಲ್ಲೇನ್ರಿ?"

ವಸ್ತಾದ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನೀವು ಕಲ್ತಾವ್ರು. ನಿಮಗ ನೆನಪಿಲ್ಲ ಅಂದ ಮ್ಯಾಲ ನನಗ ಹ್ಯಾಂಗ ಇರ್ತೈತ್ರಿ?" ಎಂದು ಎಲೆ ಬಾಯಿಗಿಟ್ಟುಕೊಂಡರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ವಸ್ತುವನ್ನು ಅದರ ಸುತ್ತ ಬದುಕಿದವರಿಗೆ ಮೊದಲು ತೋರಿಸಬೇಕು, ವಾಕ್ಯ ಆಮೇಲೆ ಬರೆಯಬೇಕು. ಮತ್ತೆ, ಬೇರೆಯವರ ಮಾತನ್ನು ಎಷ್ಟು ಅನುಮಾನದಿಂದ ನೋಡುತ್ತೇನೋ ಅಷ್ಟೇ ಅನುಮಾನ ನನ್ನ ನೆನಪಿನ ಮೇಲೂ ಇರಬೇಕು.

ಹಾಗಾಗಿ ಹುಬ್ಬಳ್ಳಿಗೆ ಮರಳಿದ ಮರುದಿನವೇ ಹಳೆಯ ಸ್ವೀಕೃತಿ ಪುಸ್ತಕ ತೆಗೆಸಿದೆ. ಯಾರ ಮನೆಯಿಂದ ಏನು ತಂದರೂ ಅಲ್ಲಿಯೇ ಕೂತು, ಮುಂದಿಟ್ಟ ಪ್ರತಿಯೊಂದನ್ನೂ ಬರೆದು, ಬೇಡವಾದದ್ದರ ಮುಂದೆ 'ವಾಪಸ್' ಎಂದು ಗುರುತು ಹಾಕಿ, ವಸ್ತು ಕೊಟ್ಟವರ ಸಹಿ ಪಡೆಯುವುದು ನಮ್ಮ ಪದ್ಧತಿ. ಸವಡಿಯ ಹಾಳೆಯ ಕಾರ್ಬನ್ ಪ್ರತಿ ಸಿಕ್ಕಿತು. ಅಕ್ಷರ ನನ್ನದೇ. 'ಬೆಳ್ಳಿ ಗದೆ, ಒಂದು. ಫೋಟೋ, ಒಂದು, ಹಿಂದಿನಿಂದ ತೆಗೆದದ್ದು.' ಎರಡನೆಯ ಫೋಟೋ ಆಗಲಿ, ವಾಪಸ್ ಎಂಬ ಗುರುತಾಗಲಿ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೆಳಗೆ ಹನಮಪ್ಪನವರ ಸಹಿ ಇತ್ತು.